ಅತ್ತೆ: ಬೆಂಚು (ನೆರಳು)

ಅಳಿಯನನ್ನು ಟೈಲರಮ್ಮ ಮೊದಲ ಸಲ ಕಂಡದ್ದು ತನ್ನ ಹೊಲಿಗೆ ಅಂಗಡಿಯ ಕಿಟಕಿಯಿಂದ. ಆಗ ಅವನಿನ್ನೂ ಅಳಿಯನಾಗಿರಲಿಲ್ಲ; ಆಕೆಯ ಕಣ್ಣಿಗೆ ಅವನು ಕಳ್ಳನಾಗಿದ್ದ. ಎದುರಿನ ಕರೆಂಟು ಕಂಬದ ಬುಡದಲ್ಲಿ, ಸುಡುವ ಬಿಸಿಲಿನಲ್ಲಿ, ಬಿಳಿ ಶರ್ಟಿನ ಸಣಕಲು ಮನುಷ್ಯನೊಬ್ಬ ಕಂಕುಳಲ್ಲಿ ಡಬ್ಬಿಯೊಂದನ್ನು ಅವುಚಿಕೊಂಡು ನಿಂತಿದ್ದ. ಒಮ್ಮೆ ವಾಚು ನೋಡುವುದು, ಒಮ್ಮೆ ಇವಳ ಬಾಗಿಲು ನೋಡುವುದು. ಹೊಂಚು ಹಾಕುತ್ತಿದ್ದಾನೆ ಎಂಬುದರಲ್ಲಿ ಟೈಲರಮ್ಮನಿಗೆ ಸಂದೇಹವೇ ಉಳಿಯಲಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡು ಬಾಗಿಲ ಹಿಂದೆ ನಿಂತಳು. ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು. ಆ ಮನುಷ್ಯ ರಸ್ತೆ ದಾಟಿ ಬಂದು ಬಾಗಿಲು ತಟ್ಟಿದ.

ಹನ್ನೊಂದಕ್ಕೆ ಬರುತ್ತೇನೆಂದು ನಿಮ್ಮ ಮಗಳ ಹತ್ತಿರ ಹೇಳಿಕಳಿಸಿದ್ದೆ, ಅಂದ. ಕಣ್ಣು ಮಾತ್ರ ಕತ್ತರಿಯ ಮೇಲಿತ್ತು. ಅಷ್ಟು ಮೊದಲೇ ಬಂದವರು ಒಳಗೇ ಬರಬಾರದಿತ್ತೇ ಎಂದು ಟೈಲರಮ್ಮ ಕೇಳಿದಳು.

"ಹನ್ನೊಂದಾಗಿರ್ಲಿಲ್ವಲ್ಲ," ಅಂದ.

ಒಳಗೆ ಬಂದು ಕೂತವನು ಡಬ್ಬಿಯನ್ನು ಮುಂದೆ ಚಾಚಿದ. ಮರ್ಯಾದಸ್ಥರ ಮನೆಯಲ್ಲಿ ಹುಟ್ಟಿದವರು ಏನು ಹೇಳಬೇಕೋ ಅದನ್ನೇ ಟೈಲರಮ್ಮ ಹೇಳಿದಳು: "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ? ನಮಗೇನೂ ಬೇಡಪ್ಪ."

"ಹೌದಾ? ಸರಿ," ಎಂದು ಅವನು ಡಬ್ಬಿಯನ್ನು ತನ್ನ ಕುರ್ಚಿಯ ಪಕ್ಕಕ್ಕೆ ಇಟ್ಟುಕೊಂಡ. ಹೋಗುವಾಗ ಮರೆಯದೆ ತೆಗೆದುಕೊಂಡೂ ಹೋದ. (ಆ ಡಬ್ಬಿಯಲ್ಲಿ ಏನಿತ್ತೆಂದು ಟೈಲರಮ್ಮನಿಗೆ ಇಂದಿಗೂ ಗೊತ್ತಿಲ್ಲ. ಕೇಳಲು ಅಭಿಮಾನ ಬಿಡುವುದಿಲ್ಲ.)

ಟೈಲರಮ್ಮನ ಧರ್ಮಶಾಸ್ತ್ರದಲ್ಲಿ 'ಬೇಡ' ಎಂಬುದಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯ ಸಲ ಕೇಳಿದಾಗ ಅನ್ನುವ 'ಬೇಡ' ನಯಕ್ಕೆ. ಎರಡನೆಯ ಸಲದ್ದು ಬಿಗುಮಾನಕ್ಕೆ. ಮೂರನೆಯ ಸಲ ಕೇಳಿದಾಗ, "ನೀವು ಇಷ್ಟೊಂದು ಹೇಳ್ತೀರಲ್ಲ ಅಂತ" ಎಂದು ಒಪ್ಪಿಕೊಳ್ಳುವುದು. ಗಂಡ ಇದ್ದಷ್ಟು ದಿನ, ಪಾಪ, ಅವರು ಒಂದು ಲೋಟ ಚಹಾ ಕೊಡಬೇಕಾದರೂ ಮೂರು ಸಲ ಕೇಳಿಯೇ ಕೊಡುತ್ತಿದ್ದರು. ಈ ಅಳಿಯನಾದರೋ ಒಂದೇ ಸಲ ಕೇಳುವವನು. ಬೇಡ ಅಂದರೆ ಅವನ ಕಿವಿಗೆ ಬೇಡ. ಅಲ್ಲಿಗೆ ಫೈಲು ಮುಚ್ಚಿತು.

ಅವನ ಉದ್ಯೋಗವೂ ಅಂಥದ್ದೇ. ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವಾಗ ಹೊರಡಬೇಕು, ಯಾವ ಡ್ರೈವರು ಯಾವಾಗ ಉಣ್ಣಬೇಕು ಎಂದು ಚಾರ್ಟು ಬರೆಯುವ ಕೆಲಸ. ಮಗಳದ್ದು ಕೂದಲು ಕತ್ತರಿಸುವ ಪಾರ್ಲರು. ತುದಿ ಮಾತ್ರ ಸಮ ಮಾಡಿ ಎಂದು ಬಂದವರು ಹಣೆತುಂಬ ಕೂದಲು ಇಳಿಬಿಟ್ಟುಕೊಂಡು ಹೋಗುತ್ತಿದ್ದರು. ಯಾಕೆಂದರೆ "ಹಾಗೇ ಅನಿಸ್ತು". ಇವನನ್ನೇ ಯಾಕೆ ಮದುವೆಯಾಗುತ್ತೀ ಎಂದು ಟೈಲರಮ್ಮ ಕೇಳಿದಾಗಲೂ ಅದೇ ಉತ್ತರ ಬಂದಿತ್ತು. ಅವನು ಮೂರು ವರ್ಷ ಲೆಕ್ಕ ಹಾಕಿ ಕೇಳಿದ್ದನಂತೆ; ಇವಳು ಅವನು ಮಾತು ಮುಗಿಸುವ ಮೊದಲೇ ಒಪ್ಪಿದ್ದಳಂತೆ. ಹೀಗೆ ಅವರ ಸಂಸಾರ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ನಡೆಯುತ್ತಿತ್ತು. ನಡುವೆ ಗುಬ್ಬಿ ಎಂಬ ಅಡ್ಡಹೆಸರಿನ ಮಗಳೊಬ್ಬಳು ಹುಟ್ಟಿ ಎಂಟು ವರ್ಷದವಳಾಗಿದ್ದಳು.

ಈ ಮೂವರೂ ಸೇರಿ ರಜೆಯಲ್ಲಿ ಥೀಮ್ ಪಾರ್ಕಿಗೆ ಹೋಗುವುದೆಂದು ನಿರ್ಧರಿಸಿದರು. ಟೈಲರಮ್ಮನನ್ನೂ ಕರೆದರು. ಗುಬ್ಬಿ ಪಾರ್ಕಿನ ಬಣ್ಣದ ಜಾಹೀರಾತನ್ನು ತಂದು ಅಜ್ಜಿಯ ಮಿಷಿನ್ನಿನ ಮೇಲೆ ಹರಡಿದಳು. ಆಕಾಶಕ್ಕೆ ಹಾರುವುದು, ಪಾತಾಳಕ್ಕೆ ಬೀಳುವುದು, ತಲೆಕೆಳಗಾಗಿ ಕಿರುಚುವುದು, ಹೀಗೆ ಕಾಸು ಕೊಟ್ಟು ಪ್ರಾಣ ಕಳೆದುಕೊಳ್ಳುವ ಎಲ್ಲ ವಿಧಾನಗಳೂ ಅದರಲ್ಲಿದ್ದವು. ಟೈಲರಮ್ಮನ ಕಣ್ಣು ಅವನ್ನೆಲ್ಲ ದಾಟಿ ಕೆಳಗಿನ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಪುಟಾಣಿ ರೈಲಿತ್ತು. ಕೆಂಪು ಎಂಜಿನ್ನು, ತೆರೆದ ಡಬ್ಬಿಗಳು, ಮೇಲೆ ಬಿಸಿಲಿಗೊಂದು ಚಾವಣಿ.

ಜೀವಮಾನವೆಲ್ಲ ಆಕೆ ಕೂತಿದ್ದಾಳೆ, ಜೀವಮಾನವೆಲ್ಲ ಕಾಲಲ್ಲಿ ತುಳಿದಿದ್ದಾಳೆ. ಆ ತುಳಿತಕ್ಕೆ ಊರೂರನ್ನೇ ದಾಟಬಹುದಿತ್ತು. ಮಿಷಿನ್ನು ಮಾತ್ರ ಕಿಟಕಿ ಬಿಟ್ಟು ಒಂದಡಿ ಮುಂದೆ ಹೋಗಿರಲಿಲ್ಲ. ಸುಮ್ಮನೆ ಕೂತಿರಬೇಕು, ಕಾಲು ಆಡಿಸಬಾರದು, ಆದರೂ ಮುಂದೆ ಹೋಗುತ್ತಿರಬೇಕು. ಇದೊಂದು ಆಸೆ ಆ ಕೆಂಪು ಎಂಜಿನ್ನನ್ನು ಕಂಡ ಕ್ಷಣವೇ ಆಕೆಯ ಎದೆಯಲ್ಲಿ ಕುಳಿತುಬಿಟ್ಟಿತು.

ಅಷ್ಟರಲ್ಲಿ ಅಳಿಯ ಪೆನ್ನು ತೆಗೆದು, ಅತ್ತೆ, ನಿಮಗೆ ಯಾವುದನ್ನಾದರೂ ಹತ್ತಬೇಕೇ ಎಂದು ಕೇಳಿಯೇ ಕೇಳಿದ. ಅದನ್ನು ಇಲ್ಲವೆನ್ನುವ ಹಾಗಿಲ್ಲ.

"ನನಗೇನಪ್ಪಾ," ಅಂದಳು ಟೈಲರಮ್ಮ. "ನೀವು ಹೇಗೆ ಹೇಳ್ತೀರೋ ಹಾಗೆ."

ಅಂದು, ಎರಡನೆಯ ಸಲ ಕೇಳಲಿ ಎಂದು ಕಾದಳು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಸಾಕಷ್ಟು ಹೊತ್ತೇ ಕಾದಳು. ಅವನು ಪೆನ್ನಿಗೆ ಮುಚ್ಚಳ ಹಾಕಿದ.

ವಾರದೊಳಗೆ ಚಾರ್ಟು ಸಿದ್ಧವಾಗಿ ಬಂತು, ನೀರು ಬಿದ್ದರೂ ಅಳಿಸದಂತೆ ಲ್ಯಾಮಿನೇಷನ್ ಸಮೇತ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಸಾಲು. ಯಾವ ಆಟ, ಎಷ್ಟು ಹೊತ್ತು, ಐಸ್‌ಕ್ರೀಮು ಯಾವಾಗ, ಬಾತ್‌ರೂಮು ಯಾವಾಗ, ಎಲ್ಲ. ಟೈಲರಮ್ಮನದು ಬೂದು ಬಣ್ಣದ ಸಾಲು. ಅದರಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಮಾತು ಮೇಲಿಂದ ಕೆಳಗೆ ಇಳಿದುಬಂದಿತ್ತು: 'ಬೆಂಚು (ನೆರಳು)'. ನೆರಳು ಎಲ್ಲಿ ಯಾವಾಗ ಬೀಳುತ್ತದೆಂದು ಕೂಡ ಅವನು ವಿಚಾರಿಸಿದ್ದನಂತೆ. ಅಷ್ಟು ಕಾಳಜಿಯ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಟೈಲರಮ್ಮನಿಗೆ ಅದೇ ದೊಡ್ಡ ಸಿಟ್ಟು.

ರೈಲು ಹೇಗಿದೆಯೋ ಏನೋ ಎಂದು ಆಕೆ ಯಾರನ್ನೂ ಉದ್ದೇಶಿಸದೆ ಒಂದು ಮಾತು ತೇಲಿಬಿಟ್ಟಳು. ಹೊರಟಲ್ಲಿಗೇ ಬಂದು ನಿಲ್ಲುವ ಗಾಡಿಯನ್ನು ಹತ್ತುವುದು ಯಾಕೆ ಎಂದು ಅಳಿಯ ನಿಜವಾಗಿಯೂ ಅರ್ಥವಾಗದೆ ಕೇಳಿದ. ಅದು ಪಾಪುಗಳಿಗೆ ಎಂದಳು ಗುಬ್ಬಿ. ಮಗಳು ಮಾತ್ರ ಚಾರ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಗುತ್ತಿದ್ದಳು.

"ರೀ, ನಾವು ಹೋಗ್ತಿರೋದು ರಜಕ್ಕಾ, ಡ್ಯೂಟಿಗಾ? ಹೋದ್ಮೇಲೆ ನೋಡ್ಕೊಂಡ್ರಾಯ್ತು."

"ಹೋದ್ಮೇಲೆ ನೋಡೋಕೆ ಹೋಗಿ ಹೋದ ವರ್ಷ ಏನಾಯ್ತು? ಮ್ಯೂಸಿಯಮ್ಮಿನ ಗೇಟು ನೋಡ್ಕೊಂಡು ಬಂದ್ವಿ."

"ಗೇಟು ಚೆನ್ನಾಗೇ ಇತ್ತಲ್ರೀ."

ಕೊನೆಗೆ ಒಪ್ಪಂದವಾಯಿತು. ಊಟದವರೆಗೆ ಅವನ ಚಾರ್ಟು, ಊಟವಾದಮೇಲೆ ಅವಳ ಮನಸ್ಸು. ಯಾರ ಹೊತ್ತು ಚೆನ್ನಾಗಿ ಕಳೆಯುತ್ತದೋ ಇನ್ನು ಮುಂದಿನ ರಜೆಗಳೆಲ್ಲ ಅವರ ಕೈಗೆ.

ಬೆಳಗಿನ ಅರ್ಧ ದಿನ ಚಾರ್ಟಿನ ಪ್ರಕಾರವೇ ನಡೆಯಿತು. ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿರಲಿಲ್ಲ. ಪಾರ್ಕಿನ ಕಾವಲುಗಾರ ಹಲ್ಲುಜ್ಜುತ್ತಿರುವಾಗಲೇ ಇವರು ಗೇಟಿನ ಮುಂದೆ ನಿಂತಿದ್ದರು. ಗೇಟು ತೆರೆದದ್ದೇ ಅಳಿಯ ಮುಂದೆ, ಹಿಂದೆ ಹೆಂಡತಿ ಮಗಳು, ಅವರ ಹಿಂದೆ ಬ್ಯಾಗುಗಳೊಂದಿಗೆ ಟೈಲರಮ್ಮ. ಕಿರುಚುವ ಆಟದಲ್ಲಿ ಕಿರುಚಿದರು, ಬೀಳುವ ಆಟದಲ್ಲಿ ಬಿದ್ದರು. ತಿರುಗುವ ಬಟ್ಟಲು ಗುಬ್ಬಿಗೆ ಬಹಳ ಹಿಡಿಸಿ ಇನ್ನೊಂದು ಸಲ ಎಂದು ಗೋಗರೆದಳು. ಅದು ಚಾರ್ಟಿನಲ್ಲಿ ಇಲ್ಲವಲ್ಲ ಮಗಳೇ ಎಂದು ಅಪ್ಪ ದುಃಖದಿಂದಲೇ ಹೇಳಿದ. ಐಸ್‌ಕ್ರೀಮಿನ ಗಳಿಗೆ ಬಂದಾಗ ಇನ್ನೂ ಚಳಿಯಿತ್ತು. ತಿಂದರು. ಒಂದು ಆಟ ರಿಪೇರಿಗೆ ನಿಂತಿತ್ತು. ಆಗಲಾದರೂ ಇವನು ಕಂಗೆಡುತ್ತಾನೆಂದು ಹೆಂಡತಿ ಆಸೆಯಿಂದ ನೋಡಿದಳು. ಅವನು ಚಾರ್ಟನ್ನು ತಿರುವಿ ಹಾಕಿದ. ಹಿಂಬದಿಯಲ್ಲಿ 'ಬದಲಿ ವ್ಯವಸ್ಥೆ' ಇತ್ತು.

ಟೈಲರಮ್ಮ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಬಡ್ತಿ ಪಡೆಯುತ್ತ ಹೋದಳು. ನೆರಳು ಹೇಳಿದ ಕಡೆ, ಹೇಳಿದ ಹೊತ್ತಿಗೆ, ಅಳಿಯನಿಗೆ ಹೆದರಿದಂತೆ ಬಂದು ಬೀಳುತ್ತಿತ್ತು. ಆಗಾಗ ಬೇಲಿಯಾಚೆ ಗಂಟೆ ಬಾರಿಸುತ್ತ ಕೆಂಪು ಎಂಜಿನ್ನು ಹಾದುಹೋಗುತ್ತಿತ್ತು. ಆಕೆ ನೋಡಿಯೂ ನೋಡದವಳಂತೆ ಬ್ಯಾಗಿನ ಜಿಪ್ಪು ಸರಿಮಾಡುತ್ತಿದ್ದಳು. (ಜಿಪ್ಪು ಸರಿಯಾಗಿಯೇ ಇತ್ತು. ಹಾಕಿದವಳು ಆಕೆಯೇ.)

ಊಟ ಮುಗಿಯಿತು. ಸಿಂಹಾಸನ ಕೈ ಬದಲಾಯಿತು. ಮಗಳು ನಾಲ್ಕು ದಾರಿ ಕೂಡುವಲ್ಲಿ ನಿಂತು, ಕೈಗಳನ್ನು ಚಾಚಿ, ಈಗ ಎಲ್ಲಿಗೆ ಹೋಗೋಣ ಹೇಳಿ ಎಂದು ಘೋಷಿಸಿದಳು. ಈ ಚರ್ಚೆಯೇ ಮಧ್ಯಾಹ್ನದ ಮೊದಲ ಕಾರ್ಯಕ್ರಮವಾಯಿತು. ಆಮೇಲೆ ಒಂದು ಕ್ಯೂನಲ್ಲಿ ನಿಂತರು. ಇನ್ನೇನು ತಮ್ಮ ಸರದಿ ಎನ್ನುವಾಗ ಪಕ್ಕದ ಆಟದಿಂದ ಹೆಚ್ಚು ಕಿರುಚಾಟ ಕೇಳಿ ಅವಳಿಗೆ ಅದು ಚೆನ್ನಾಗಿರಬಹುದು ಅನಿಸಿತು. ಅಲ್ಲಿನ ಕ್ಯೂನಲ್ಲಿ ನಿಂತಾಗ ಹಸಿವಾಯಿತು ಅನಿಸಿತು. ತಿಂದಮೇಲೆ, ಈಗಲೇ ತಿರುಗುವ ಆಟ ಬೇಡ ಅನಿಸಿತು. ಅಳಿಯ ವಾಚನ್ನು ಮತ್ತೆ ಮತ್ತೆ ನೋಡುತ್ತಿದ್ದ. ಇಷ್ಟರಲ್ಲಿ ನೀರಿನ ಜಾರುಬಂಡೆ ಕಣ್ಣಿಗೆ ಬಿತ್ತು. ನೀರಿಗಿಳಿಯುವ ಬಟ್ಟೆ ತಂದಿರಲಿಲ್ಲ. ಅದನ್ನು ಮೊದಲೇ ಯೋಚಿಸುವುದು ನಿಯಮದ ಉಲ್ಲಂಘನೆಯಾಗುತ್ತಿತ್ತು. ಪಾರ್ಕಿನವರೇ ಬಾಡಿಗೆಗೆ ಕೊಡುವ ಬಟ್ಟೆಯಿತ್ತು, ಅರಿಶಿನದ ಹಳದಿ, ಬೆನ್ನ ಮೇಲೆ ದಪ್ಪ ನಂಬರು. ಮೂವರೂ ತೊಟ್ಟು ಬಂದರು. ಹೊಲಿಗೆ ನೋಡಿ ಟೈಲರಮ್ಮ ಕಣ್ಣು ಮುಚ್ಚಿಕೊಂಡಳು.

ತೊಟ್ಟಿದ್ದ ಬಟ್ಟೆ, ಚಪ್ಪಲಿ, ಬೂಟು, ಫೋನು, ಪರ್ಸು, ಮನೆಯ ಬೀಗದ ಕೈ, ಆ ಲ್ಯಾಮಿನೇಷನ್ ಚಾರ್ಟು, ಎಲ್ಲವೂ ಆಕೆಯ ಮಡಿಲಿಗೆ ಬಂದು ಬಿದ್ದವು. ಅಲ್ಲಿ ಸಾಮಾನು ಇಡುವ ಲಾಕರುಗಳಿದ್ದವು.

"ಲಾಕರ್ ಯಾಕೆ, ಅಮ್ಮ ಇದಾಳಲ್ಲ," ಅಂದಳು ಮಗಳು.

"ಹೌದು, ಅತ್ತೆ ಇದಾರಲ್ಲ," ಅಂದ ಅಳಿಯ.

ಬೆಳಗಿನಿಂದ ಗಂಡ ಹೆಂಡತಿ ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ. ಯೋಜನೆಯೂ ಬೆಂಚನ್ನೇ ತೋರಿಸಿತ್ತು, ಮನಸ್ಸಿಗೆ ತೋಚಿದ್ದೂ ಬೆಂಚೇ. ಒಂದೇ ಒಂದು ಸಲ ಜಾರಿ ಬಂದುಬಿಡುತ್ತೇವೆ ಎಂದು ಹೇಳಿ ಮೂವರೂ ಮೆಟ್ಟಿಲು ಹತ್ತಿದರು. ಮೇಲಿನಿಂದ ಜಾರಿ ಬಂದು, ಕೆಳಗಿನಿಂದ ಮತ್ತೆ ಹತ್ತಿದರು. ಹೀಗೆ ಒಂದೇ ಒಂದು ಸಲ ಎಂಬುದು ಮುಗಿಯುವ ಲಕ್ಷಣ ಕಾಣಲಿಲ್ಲ.

ಬೆಂಚಿನಿಂದ ಕೂಗಳತೆಯಲ್ಲೇ ಪುಟಾಣಿ ರೈಲಿನ ಸ್ಟೇಷನ್ನಿತ್ತು. ಇನ್ನೊಂದು ಸ್ಟೇಷನ್ನು ಪಾರ್ಕಿನ ಆ ತುದಿಯಲ್ಲಿ. ರೈಲು ಬಂದು ನಿಂತಿತು. ಹಸಿರು ಬಾವುಟ ಹಿಡಿದ ಗಾರ್ಡು, ನಡುವಯಸ್ಸಿನವನು, ಇಳಿದು ಬಂದ.

"ಬನ್ನಿ ಅಜ್ಜಿ, ಹತ್ತಿ. ಖಾಲಿ ಇದೆ."

"ಅಯ್ಯೋ, ನನಗೇನಪ್ಪಾ. ಬೇಡ."

"ಒಬ್ರೇ ಕೂತಿದೀರಲ್ಲ, ಬನ್ನಿ."

"ಬೇಡಪ್ಪಾ, ಸಾಮಾನು ಬೇರೆ ಇದೆ."

"ಸಾಮಾನಿಗೂ ಜಾಗ ಇದೆ. ಬನ್ನಿ ಅಂದ್ರೆ."

ಮೂರು ಸಲ. ಟೈಲರಮ್ಮನ ಕಣ್ಣು ಮಂಜಾಯಿತು. ಯಾವ ತಾಯಿ ಹೆತ್ತ ಮಗನೋ ಏನೋ, ಮೂರು ಸಲ ಕೇಳಿದ. "ನೀವು ಇಷ್ಟೊಂದು ಹೇಳ್ತೀರಲ್ಲ ಅಂತ," ಎಂದು ಎದ್ದಳು. ಒಪ್ಪಿಸಿಹೋದದ್ದನ್ನು ಬಿಟ್ಟುಹೋಗುವ ಜಾಯಮಾನ ಆಕೆಯದಲ್ಲ. ಒಂದು ಕರ್ಚೀಫನ್ನೂ ಬಿಡದೆ ಎಲ್ಲವನ್ನೂ ಡಬ್ಬಿಯೊಳಕ್ಕೆ ಏರಿಸಿ, ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಎದುರಿನ ಸೀಟಿನಲ್ಲಿ ಕೂರಿಸಿ, ತಾನೂ ಕೂತಳು. ಗಂಟೆ ಬಾರಿಸಿತು. ಕಿಟಕಿಯಿಲ್ಲದ ಕಿಟಕಿಯಲ್ಲಿ ಮರಗಳು ಹಿಂದಕ್ಕೆ ಹೊರಟವು.

ಆಹಾ, ಆ ಸುಖವೇ. ಗಾಳಿ ಮುಖಕ್ಕೆ ಬರುತ್ತಿದೆ. ಯಾರೂ ಅಳತೆ ಕೊಡುತ್ತಿಲ್ಲ, ಯಾರೂ ನಾಳೆಗೇ ಬೇಕು ಅನ್ನುತ್ತಿಲ್ಲ. ಸ್ವಲ್ಪ ದೂರ ಹೋದಮೇಲೆ ಬಗ್ಗಿ ನೋಡಿದರೆ ಕಾಲುಗಳು ತಮ್ಮಷ್ಟಕ್ಕೆ ತಾವೇ ತುಳಿಯುತ್ತಿದ್ದವು. ನಿಲ್ಲಿಸಿದಳು. ಮತ್ತೆ ತುಳಿದವು. ಹಾಳಾಗಲಿ, ಎಂಜಿನ್ನಿಗೂ ಒಂದಿಷ್ಟು ಸಹಾಯವಾಗಲಿ ಎಂದು ಬಿಟ್ಟುಬಿಟ್ಟಳು. ಒಂದು ಸುತ್ತು ಮುಗಿದಾಗ ಇಣುಕಿ ನೋಡಿದಳು. ಹಳದಿ ಬಟ್ಟೆಗಳು ಮೂರೂ ಇನ್ನೂ ಜಾರುತ್ತಿದ್ದವು. ಇನ್ನೊಂದು ಸುತ್ತು ಹೋಗೋಣವೇ ಎಂದು ಗಾರ್ಡು ಕೇಳಿದ. ಬೇಡ ಅಂದಳು. ಮತ್ತೆ ಕೇಳಿದ. ಬೇಡ ಅಂದಳು. ಮತ್ತೆ ಕೇಳಿದ.

ಎರಡನೆಯ ಸುತ್ತಿನಲ್ಲಿ ರೈಲು ಜಾರುಬಂಡೆಯ ಹಿಂದಿನ ದಿಬ್ಬ ಏರುತ್ತಿರುವಾಗ ಕೆಳಗೆ ಖಾಲಿ ಬೆಂಚಿನ ಸುತ್ತ ಮೂರು ಹಳದಿ ಆಕೃತಿಗಳು ಗಿರಗಿರ ತಿರುಗುತ್ತಿದ್ದುದು ಕಾಣಿಸಿತು. ನೀರು ತೊಟ್ಟಿಕ್ಕುತ್ತಿತ್ತು. ಕಾದ ನೆಲದ ಮೇಲೆ ಬರಿಗಾಲಿನಲ್ಲಿ ಅವರು ಕುಣಿಯುತ್ತಿದ್ದರು. ಗುಬ್ಬಿ ತಲೆಯೆತ್ತಿ ರೈಲಿನ ಕಡೆ ಕೈ ತೋರಿಸಿದಳು. ಮೂವರೂ ಕೈಗಳನ್ನು ಬೀಸಿ ಬೀಸಿ ಏನೋ ಕೂಗಿದರು. ಟೈಲರಮ್ಮನ ಹೃದಯ ತುಂಬಿ ಬಂತು. ತಾನು ರೈಲು ಹತ್ತಿದ್ದು ಇವರಿಗೆ ಇಷ್ಟೊಂದು ಸಂತೋಷವೇ? ಪಟ್ಟದ ರಾಣಿಯ ಹಾಗೆ ಕೈ ಎತ್ತಿ ಬೀಸಿದಳು. ಎದುರಿನ ಸೀಟಿನಲ್ಲಿದ್ದ ಅಳಿಯನ ಬೂಟನ್ನೂ ಎತ್ತಿ ತೋರಿಸಿದಳು, ಎಲ್ಲ ಜೋಪಾನವಾಗಿದೆ ಎಂದು ತಿಳಿಯಲಿ ಅಂತ. ಅವರು ಇನ್ನಷ್ಟು ಜೋರಾಗಿ ಕುಣಿದರು.

ಆಮೇಲೆ ಕೆಳಗೆ ನಡೆದದ್ದನ್ನು ಗುಬ್ಬಿ, ಅಪ್ಪನಿಂದ ಕೇಳಿದ್ದನ್ನೂ ಸೇರಿಸಿ, ಅಜ್ಜಿಗೆ ಎಳೆ ಎಳೆಯಾಗಿ ಹೇಳಿದಳು.

ಆ ತುದಿಯ ಸ್ಟೇಷನ್ನಿಗೆ ಓಡೋಣ, ಅಲ್ಲೇ ಹಿಡಿಯೋಣ ಎಂದಳಂತೆ ಅಮ್ಮ. ಓಡುವುದು ಬೇಡ, ರೈಲು ತಾನಾಗಿ ಇಲ್ಲಿಗೇ ಬರುತ್ತದೆ, ಬೋರ್ಡಿನಲ್ಲಿ ವೇಳೆ ಬರೆದಿದೆ ಎಂದನಂತೆ ಅಪ್ಪ. ಅಮ್ಮ ಗುಬ್ಬಿಯ ಕೈ ಹಿಡಿದು ಓಡಿದಳು. ನಡುವೆ ಅಡ್ಡದಾರಿಯೊಂದು ಚೆನ್ನಾಗಿ ಕಂಡು ಅದರಲ್ಲಿ ನುಗ್ಗಿ, ಪಾರ್ಕಿನ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವವರ ನಡುವೆ ಪ್ರತ್ಯಕ್ಷಳಾದಳು. ಇತ್ತ ಅಪ್ಪ ಬೋರ್ಡಿನ ಕೆಳಗೆ ನಿಂತ. ವೇಳೆ ಬಂತು, ರೈಲು ಬರಲಿಲ್ಲ. ಆ ತುದಿಯಲ್ಲಿ ಡ್ರೈವರಿಗೆ ಚಹಾ ಕುಡಿಯಬೇಕು ಅನಿಸಿತ್ತು. (ಟೈಲರಮ್ಮನಿಗೂ ಒಂದು ಲೋಟ ಕೊಟ್ಟ, ಮೂರು ಸಲ ಕೇಳಿ.) ಹಳದಿ ಬಟ್ಟೆಯವನನ್ನು ಪಾರ್ಕಿನ ನೌಕರನೆಂದು ತಿಳಿದು ಒಬ್ಬರು ಬಾತ್‌ರೂಮು ಎಲ್ಲಿ ಎಂದು ಕೇಳಿದರು. ಇನ್ನೊಬ್ಬರು ಮಗುವನ್ನು ಅವನ ತೋಳಿಗೆ ಕೊಟ್ಟು ಫೋಟೋ ತೆಗೆದರು. ಕೊನೆಗೆ ಆ ಮಹಾನುಭಾವ ಹುಟ್ಟಿದಾಗಿನಿಂದ ಮಾಡದಿದ್ದ ಕೆಲಸ ಮಾಡಿದ. ಬೋರ್ಡನ್ನು ನಂಬುವುದು ಬಿಟ್ಟು, ಹಾಗೇ ಅನಿಸಿ, ಆ ತುದಿಗೆ ಓಡಿದ. ಅರ್ಧ ದಾರಿಯಲ್ಲಿ ಎದುರಿನಿಂದ ರೈಲು ಬಂತು. ಅತ್ತೆ ಮತ್ತೆ ಕೈ ಬೀಸಿ ಹಾದುಹೋದರು.

ಅವನು ಆ ತುದಿ ಮುಟ್ಟಿದಾಗ ಹೆಂಡತಿ ಅಲ್ಲಿನ ಬೋರ್ಡಿನ ಕೆಳಗೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಶಿಸ್ತಾಗಿ ಕೂತಿದ್ದಳು. ಓಡಿ ಸಾಕಾಗಿ, ವೇಳೆ ಓದಿಕೊಂಡು, ಮುಂದಿನ ರೈಲಿಗೆ ಕಾಯುವುದೆಂದು ಯೋಜನೆ ಹಾಕಿಕೊಂಡಿದ್ದಳು.

"ನೀವು ಓಡಿ ಬಂದ್ರಾ?" ಅಂದಳು.

"ನೀನು ಕಾಯ್ತಾ ಕೂತಿದೀಯಾ?" ಅಂದ.

ಮುಂದಿನ ರೈಲು ಸರಿಯಾದ ವೇಳೆಗೇ ಬಂತು. ಅದರಲ್ಲಿ ಟೈಲರಮ್ಮ ಇರಲಿಲ್ಲ.

ಆಕೆ ಆಗಲೇ ಇಳಿದು, ಎಲ್ಲವನ್ನೂ ಬೆಂಚಿನ ಮೇಲೆ ಮೊದಲಿದ್ದಂತೆಯೇ ಜೋಡಿಸಿ, ನೆರಳಲ್ಲಿ ಕೂತಿದ್ದಳು. ಮೂವರೂ ಕಾಲೆಳೆಯುತ್ತ ಬಂದರು. ಬಟ್ಟೆ ಮೈಮೇಲೇ ಒಣಗಿತ್ತು. ಪಾರ್ಕು ಮುಚ್ಚುವ ಗಂಟೆಯೂ ಹೊಡೆಯಿತು. ಮಗಳು ಕೇಳಿದಳು:

"ಅಮ್ಮಾ, ಹೇಳದೆ ಕೇಳದೆ ಎಲ್ಲಿಗೆ ಹೋಗಿದ್ದೆ? ಯಾಕೆ ಹೋದೆ?"

"ಹಾಗೇ ಅನಿಸ್ತು," ಅಂದಳು ಟೈಲರಮ್ಮ.

ಮನೆಗೆ ಹೊರಟರು. ಗೆದ್ದವರು ಯಾರು ಎಂಬ ಪ್ರಶ್ನೆಯನ್ನು ಎತ್ತುವ ಧೈರ್ಯ ಗಂಡನಿಗೂ ಇರಲಿಲ್ಲ, ಹೆಂಡತಿಗೂ ಇರಲಿಲ್ಲ. ಟೈಲರಮ್ಮನಿಗೆ ಮಾತ್ರ ಗೊತ್ತಿತ್ತು. ಇನ್ನು ಮುಂದೆ ತನ್ನನ್ನು ಬೆಂಚಿಗೆ ಹಾಕುವ ಮೊದಲು ಇವರು ಹತ್ತು ಸಲ ಯೋಚಿಸುತ್ತಾರೆ ಎಂದುಕೊಂಡು ಬಹಳ ದಿನ ಬೀಗಿದಳು.

ಮೊನ್ನೆ ಮತ್ತೆ ರಜೆ ಬಂತು. ಈ ಸಲ ಸಮುದ್ರ ತೀರ. ಅಳಿಯ ಹೇಳಿದ ಗಂಟೆಗೇ ಅಂಗಡಿಗೆ ಬಂದ. ಮಿಷಿನ್ನಿನ ಮೇಲೆ ಹೊಸ ಚಾರ್ಟು ಹರಡಿದ. ಬೂದು ಬಣ್ಣದ ಸಾಲು ಮೇಲಿಂದ ಕೆಳಗೆ ಖಾಲಿಯಿತ್ತು. ಪಕ್ಕದಲ್ಲಿ ಸಮುದ್ರದ ಬಣ್ಣದ ಜಾಹೀರಾತು. ಅದರ ಮೂಲೆಯಲ್ಲಿ ಬಿಳಿ ಹಾಯಿಯ ಒಂದು ದೋಣಿ ಟೈಲರಮ್ಮನನ್ನೇ ನೋಡುತ್ತಿತ್ತು. ಕೂತರೆ ಸಾಕು, ತಾನೇ ಹೋಗುವಂಥದ್ದು. ಆಕೆಯ ಕಾಲು ಮಿಷಿನ್ನಿನ ಕೆಳಗೆ ಸ್ತಬ್ಧವಾಯಿತು.

ನಿಮಗೆ ಏನು ಬೇಕು ಹೇಳಿ ಅತ್ತೆ, ಈ ಸಲ ಮೊದಲು ಅದನ್ನೇ ಬರೆಯುತ್ತೇನೆ ಅಂದ ಅಳಿಯ.

ದೋಣಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆಯೇನು ನಿನ್ನೆ ಮೊನ್ನೆಯದೇ? "ನನಗೇನಪ್ಪಾ," ಅಂದುಬಿಟ್ಟಿತು. "ನೀವು ಹೇಗೆ ಹೇಳ್ತೀರೋ ಹಾಗೆ."

ಅಳಿಯ ಪೆನ್ನಿಗೆ ಮುಚ್ಚಳ ಹಾಕಲಿಲ್ಲ. ಟೈಲರಮ್ಮ ಉಸಿರು ಹಿಡಿದಳು. ಸಂಕೋಚ ಬೇಡ ಅತ್ತೆ, ನಿಜವಾಗಿಯೂ ಏನೂ ಬೇಡವೇ ಎಂದು ಅವನು ಎರಡನೆಯ ಸಲ ಕೇಳಿದ. ಅಳಿಯನಾದ ಮೇಲೆ ಇದೇ ಮೊದಲು. ಎಷ್ಟು ತಿದ್ದಿಕೊಂಡಿದ್ದಾನೆ ಎಂದು ಆಕೆಗೆ ಹೆಮ್ಮೆಯೆನಿಸಿತು. ಇನ್ನೊಂದೇ ಮೆಟ್ಟಿಲು. ಬಿಗುಮಾನಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಯೇ ಬಿಡೋಣವೆಂದು, "ಬೇಡಪ್ಪಾ," ಎಂದು ಮುಖ ತಗ್ಗಿಸಿ ಮೂರನೆಯದಕ್ಕೆ ಕಾದಳು.

ಅಳಿಯ ಬೂದು ಸಾಲಿನ ಮೇಲೆ ಪೆನ್ನು ಊರಿದ. ಮೂರನೆಯ ಸಲವೂ ಕೇಳಿದ.

"ಹಾಗಾದ್ರೆ ಬ್ಯಾಗುಗಳು ನಿಮ್ಮ ಹತ್ರಾನೇ ಇರ್ಲಾ ಅತ್ತೆ?"